ಎರಡನೇ ಡಿಸೈನು

"ಈಗ ಎರಡನೇದು ಕಳಿಸೀನಿ, ನೋಡ್ರಿ ಅಮ್ಮಾ," ಎಂದಳು ವೆಬ್‌ಸೈಟ್ ಮಾಡಿಕೊಡುವ ರೇವತಿ. ಮಂಡಿಪೇಟೆಯ ಪಾತ್ರೆ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಉಡಚಮ್ಮ ತನ್ನ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದಳು. ಮೊದಲನೇ ಡಿಸೈನಿನ ಥಳಥಳಿಸುವ ಕೊಪ್ಪರಿಗೆಗಳ ಚಿತ್ರಗಳ ನಡುವೆ ಅಂಗಡಿಗೆ ಫೋನ್ ಮಾಡುವ ಗುಂಡಿಯೇ ಆಕೆಗೆ ಸಿಕ್ಕಿರಲಿಲ್ಲ. ಗಿರಾಕಿಯ ಕೈಯಲ್ಲೇ ಪರೀಕ್ಷೆಯಾಗಬೇಕು ಎಂದು ರೇವತಿ ಹಟ ಹಿಡಿದಾಗ ಮಾಲೀಕ ಸಿದ್ದೇಶನೇ, "ನೀವು ನಮ್ಮನಿಯೋರು ಇದ್ದಂಗೆ, ನೀವೇ ಆರಿಸ್ರಿ," ಎಂದು ಉಡಚಮ್ಮನನ್ನು ಕೂರಿಸಿದ್ದ. ಸಾರಥಿ ಹಳ್ಳಿಯಿಂದ ದಿನ ಬೆಳಗಾದರೆ ಫೋನ್ ಮಾಡಿ ರೇಟು ಕೇಳುವ ಗಿರಾಕಿ ಆಕೆ.

"ಹಾಂ, ಸಿಕ್ತು!" ಉಡಚಮ್ಮ ನಕ್ಕು ಗುಂಡಿ ಒತ್ತಿದಳು.

ಗಲ್ಲಾಪೆಟ್ಟಿಗೆಯ ಮೇಲಿದ್ದ ಸಿದ್ದೇಶನ ಫೋನು ಗುರುಗುಟ್ಟಿತು. ಚಾಳೀಸು ಬಂದ ಮೇಲೆ ಅವನು ಅದರ ಅಕ್ಷರಗಳನ್ನು ದಪ್ಪ ಮಾಡಿಸಿಕೊಂಡಿದ್ದ. ಪರದೆಯ ತುಂಬ ಮೂಡಿತು: 'ಸಾರಥಿ ಪೀಡೆ'. ಹಿಂದೊಮ್ಮೆ ಆಳುಗಳೆದುರು ನಗಾಡುತ್ತ ಆಕೆಯ ನಂಬರಿಗೆ ಅವನೇ ಇಟ್ಟ ಹೆಸರು. ಥಟ್ಟನೆ ಅಂಗೈಯಿಂದ ಮುಚ್ಚಿದ. ಅಷ್ಟರಲ್ಲಿ ಮೂವರೂ ಓದಿಯಾಗಿತ್ತು. ಅಂಗೈಯ ಅಡಿಯಲ್ಲಿ ಫೋನು ಸಿಕ್ಕಿಬಿದ್ದ ಇಲಿಯಂತೆ ಒದ್ದಾಡುತ್ತಲೇ ಇತ್ತು. ರೇವತಿ ತಲೆ ತಗ್ಗಿಸಿ ಲ್ಯಾಪ್‌ಟಾಪಿನಲ್ಲಿ ಏನೋ ಹುಡುಕತೊಡಗಿದಳು. "ಹಂಗಲ್ಲ ಅಮ್ಮಾ..." ಎಂದ ಸಿದ್ದೇಶ.

ಉಡಚಮ್ಮ ಫೋನ್ ಕಟ್ ಮಾಡಿ, ಅದರ ಗಾಜನ್ನು ಸೆರಗಿನಿಂದ ನಿಧಾನವಾಗಿ ಒರೆಸಿದಳು.

"ಇದೇ ಇರ್ಲಿ ಬಿಡಪ್ಪ," ಎಂದಳು. "ಅಕ್ಷರ ದಪ್ಪ ಅದಾವೆ. ನನ್ನಂಥೋಳಿಗೂ ಓದಾಕೆ ಬರ್ತಾವೆ."