ಹಡಗು ವಾಲಿಸುವ ದ್ರಾಕ್ಷಿ

ರೂಪಾಯಿ ಬೆಲೆ ಬಿದ್ದ ದಿನ ಚಹಾದಂಗಡಿಯಲ್ಲಿ ನನ್ನ ಬಾಯಿಗೆ ಲಗಾಮೇ ಇರಲಿಲ್ಲ.

"ಪರದೇಶಕ್ಕ ಹೋಗೂ ನನ್ನ ದ್ರಾಕ್ಷಿ ಒಂದೊಂದೂ ನಿಂಬಿಹಣ್ಣಿನಷ್ಟು. ಏರಿಸಿದ್ರ ಹಡಗ ಒಂದು ಕಡಿ ವಾಲತೈತಿ. ಈಗ ಡಾಲರ್ ಬ್ಯಾರೆ ಏರೈತಿ. ಈ ಸಲ ಕುಂತಲ್ಲೇ ಡಬಲ್ ಲಾಭ" ಎಂದೆ.

ಹನ್ನೆರಡು ವರ್ಷದಿಂದ ನಾನು ಗುತ್ತಿಗೆಗೆ, ನಮ್ಮ ಕಡೆಯ ಮಾತಿನಲ್ಲಿ ಲಾವಣಿಗೆ, ಹಿಡಿದಿರುವ ಹೊಲದ ಒಡತಿ ಶಿವಲೀಲವ್ವ ಟೋಸ್ಟ್ ಒಯ್ಯಲು ಅಲ್ಲಿಗೆ ಬಂದಿದ್ದಳು. ನನ್ನ ಮಾತೆಲ್ಲ ಕೇಳಿಸಿಕೊಂಡೇ ಟೋಸ್ಟ್ ಕಟ್ಟಿಸಿಕೊಂಡು ಹೋದಳು. ಮರುದಿನ ನೇರವಾಗಿ ತೋಟಕ್ಕೇ ಬಂದಳು.

"ತಮ್ಮಾ, ಯುಗಾದಿಯಿಂದ ಲಾವಣಿ ಡಬಲ್ ಕೊಡು. ಆಗೂದಿಲ್ಲಂದ್ರ ನಿನ್ನ ಬಳ್ಳಿ ಕಿತ್ತಗೊಂಡು ಹೋಗು."

ಹನ್ನೆರಡು ವರ್ಷದ ಬಳ್ಳಿ ಕಿತ್ತರೆ ಇನ್ನೆಲ್ಲಿ ಚಿಗುರೀತು? ಹುಟ್ಟಿದಂದಿನಿಂದ ಮೊದಲ ಸಲ ನಿಜ ಹೇಳಿದೆ.

"ಯಕ್ಕಾ, ಹೊಡಿಯೂ ಔಷಧ, ಹಾಕೂ ಗೊಬ್ಬರ ಎಲ್ಲಾ ಪರದೇಶದ್ದು. ಡಾಲರ್ ಏರಿದ್ರ ಅವೂ ಏರತಾವ. ಬಂದ ಲಾಭ ಅದರಾಗ ಹೋಗತೈತಿ. ನನಗ ಏನೂ ಉಳಿಯೂದಿಲ್ಲ."

ಶಿವಲೀಲವ್ವ ಒಂದು ಗೊಂಚಲನ್ನು ಅಂಗೈಯಲ್ಲಿ ಎತ್ತಿ ತೂಗಿ ನೋಡಿದಳು.

"ಹಡಗ ವಾಲಿದ್ದು ಬೇಕಾದ್ರ ನಂಬತೀನಿ" ಎಂದಳು, "ಇದನ್ನ ನಂಬೂದಿಲ್ಲ."