ಕೊನೆಯ ಹದಿನಾರು ಪುಟ

ಹೊಸ ಪುಸ್ತಕದ ಕೊನೆಯ ಪುಟವನ್ನು ಗಟ್ಟಿಯಾಗಿ ಓದಿ ಮುಗಿಸಿದ ತುಸೀಮೆ ತಲೆಯೆತ್ತಿ, "ಮೇಡಂ, ಇದು ತಪ್ಪು ಪ್ರಿಂಟಾಗಿದೆ" ಎಂದಳು.

ಮೊದಲ ಅಧ್ಯಾಯ ತೆಗೆಯಿರಿ ಎಂದು ಟೀಚರ್ ಹೇಳಿದರೂ ಕೇಳದೆ, "ಕೊನೇದು ಮೊದ್ಲು, ಮೇಡಂ, ಕೊನೇದು ಮೊದ್ಲು!" ಎಂದು ಹಟ ಹಿಡಿದಿದ್ದ ನಲವತ್ತು ಹುಡುಗಿಯರೂ ಈಗ ತಮ್ಮ ತಮ್ಮ ಪ್ರತಿಯಲ್ಲಿ ಆ ಪುಟ ಹುಡುಕಿದರು. ಎಲ್ಲದರಲ್ಲೂ ಅದೇ ಇತ್ತು. ಟೀಚರ್ ಕಬಸೋಮಿ ತನ್ನ ಪ್ರತಿಯನ್ನೂ ನೋಡಿದಳು. ಕೆರೆಯ ತಳದ ಊರಿಗಿಳಿದು, ಅಲ್ಲಿನ ರಾಜ ಕದ್ದೊಯ್ದಿದ್ದ ತನ್ನೂರಿನವರ ನೆರಳುಗಳನ್ನು ಹುಡುಕುತ್ತ ಹೊರಟಿದ್ದ ನ್ಯಾಕಾಟೊ, ಇಲ್ಲಿ ಕಣ್ಣುಜ್ಜಿಕೊಂಡು ಎದ್ದು ಕೂತಿದ್ದಳು. ಎಲ್ಲವೂ ಕನಸು. ಒಲೆಯ ಮೇಲಿಟ್ಟ ಕಾಳು ಸೀದುಹೋಗಿತ್ತು. ಇನ್ನು ಹಗಲುಗನಸು ಕಾಣುವುದಿಲ್ಲವೆಂದು ಅವ್ವನ ಮುಂದೆ ಮಂಡಿಯೂರಿ ಮಾತು ಕೊಟ್ಟು, ಪಾತ್ರೆ ತಿಕ್ಕಲು ಹೋದಳು. ಮುಗಿಯಿತು.

ಈ ಕಾದಂಬರಿಯನ್ನು ಶಾಲೆಯಲ್ಲಿ ಕಡ್ಡಾಯ ಮಾಡಿಸಲು ಮೂರು ವರ್ಷ ಹೆಡ್‌ಮಿಸ್ಸಿನ ಬಾಗಿಲು ಕಾದವಳು ಕಬಸೋಮಿಯೇ. ಇದೇ ಶಾಲೆಯಲ್ಲಿ ಓದುವಾಗ ಎಂಟು ಸಲ ಓದಿದ್ದಳು. ಆದರೆ ಶಾಲೆಯಲ್ಲಿದ್ದುದು ಒಂದೇ ಪ್ರತಿ. ಅದರ ಕೊನೆಯ ಹದಿನಾರು ಪುಟ ಯಾವ ಕಾಲದಲ್ಲೋ ಕಿತ್ತುಹೋಗಿದ್ದವು. ವರ್ಷವರ್ಷವೂ ದೊಡ್ಡ ತರಗತಿಯವರು ಶನಿವಾರ ಹಾಸ್ಟೆಲಿನ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತ, ಆ ಹದಿನಾರು ಪುಟವನ್ನು ಹೊಸಬರಿಗೆ ಬಾಯಲ್ಲಿ ಹೇಳುವುದು ವಾಡಿಕೆ. ಅವರ ಕತೆಯಲ್ಲಿ ನ್ಯಾಕಾಟೊ ತನ್ನ ನೆರಳನ್ನೇ ಒತ್ತೆಯಿಟ್ಟು ಊರಿನವರ ನೆರಳು ಬಿಡಿಸಿ ತಂದಳು. ನಡುಮಧ್ಯಾಹ್ನ ನಮ್ಮ ನೆರಳು ಕಾಲಡಿಯಲ್ಲಿ ಮಾಯವಾಗುವುದು ಅದಕ್ಕೇ, ಆ ಹೊತ್ತಿಗೆ ಅವಳು ಅದನ್ನು ತೊಟ್ಟುಕೊಂಡು ಓಡಾಡುತ್ತಿರುತ್ತಾಳೆ. ಅಚ್ಚಾದದ್ದೂ ಹೆಚ್ಚುಕಡಿಮೆ ಹೀಗೇ ಇದ್ದೀತು ಎಂದು ಕಬಸೋಮಿ ನಂಬಿದ್ದಳು. ಹೊಸ ಪ್ರತಿಗಳ ಪೆಟ್ಟಿಗೆ ಬಂದದ್ದು ಇವತ್ತು ಬೆಳಿಗ್ಗೆಯಷ್ಟೆ. ಅವಳು ಸಂಜೆ ಕಾಲೇಜಿನಲ್ಲಿ ಡಿಗ್ರಿ ಮಾಡಿದವಳು. ಎಂದಾದರೊಂದು ದಿನ ಯಾರೋ ತನ್ನನ್ನು ಎದ್ದು ನಿಲ್ಲಿಸಿ 'ನಿಜವಾಗಿ ಓದಿದ್ದೀಯಾ?' ಎಂದು ಕೇಳಿಯೇ ಕೇಳುತ್ತಾರೆ ಎಂಬ ಅಳುಕು ಅವಳಿಗೆ ಹಳೆಯದು.

ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುತ್ತಿದ್ದ ಹೆಡ್‌ಮಿಸ್ ಕಟುಸಾಬೆ ಎದ್ದರು. ಮೊದಲ ಪಾಠ ತಮಗೆ ಸರಿ ಕಾಣದಿದ್ದರೆ ಪೆಟ್ಟಿಗೆ ಹಾಗೇ ವಾಪಸ್ಸು ಎಂದು ಹೇಳಿಯೇ ಬಂದಿದ್ದರು. ಈಗ ಅವರ ಮುಖವೆಲ್ಲ ಬೆಳಗಿತ್ತು.

"ಅಬ್ವೋಲಿ!" ಎಂದರು. ಮೂರು ವರ್ಷ ಬರೀ 'ಟೀಚರ್' ಎನ್ನುತ್ತಿದ್ದವರು ಅವಳ ಅಕ್ಕರೆಯ ಹೆಸರು ಹಿಡಿದು ಕರೆದದ್ದು ಇದೇ ಮೊದಲು. "ಇಂಥಾ ಚಿನ್ನದಂಥ ಪುಸ್ತಕ ಇಟ್ಕೊಂಡು ನನ್ ಹತ್ರ ಕೆರೆ, ನೆರಳು, ಮಾಯ ಮಂತ್ರ ಅಂತ ಏನೇನೋ ಒದರ್ತಿದ್ದೆಯಲ್ಲೇ! ಕೊನೆ ಹಿಂಗಿದೆ ಅಂತ ಒಂದು ಮಾತು ಅಂದಿದ್ರೆ ಅವತ್ತೇ ಸಹಿ ಹಾಕ್ತಿದ್ದೆ. ಯಾಕೆ ಹೇಳ್ಲಿಲ್ಲ?"

ಕಬಸೋಮಿ ಬಾಯಿ ತೆರೆದಳು. ಎಂಬತ್ತು ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಆ ಕಣ್ಣುಗಳಿಗೆಲ್ಲ ಉತ್ತರ ಗೊತ್ತಿತ್ತು.

"ನೀವೇ ಓದಿ ತಿಳ್ಕೊಳ್ಲಿ ಅಂತ, ಮೇಡಂ..."

"ಆಹಾ, ಜಾಣೆ!"

ನಡುವಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಒಂದು ಸುಳ್ಳು ಆಗಿಹೋಗಿತ್ತು, ಹುಡುಗಿಯರ ಕತೆಯನ್ನಾದರೂ ಉಳಿಸಿಕೊಳ್ಳೋಣವೆಂದು ಕಬಸೋಮಿ, "ಮೇಡಂ, ಆದ್ರೂ ನಂಗ್ಯಾಕೋ... ಈ ವರ್ಷ ಬೇಡ ಅನ್ಸುತ್ತೆ. ಇಷ್ಟ ಇದ್ದೋರು ಓದ್ಕೊಳ್ಲಿ. ಕಡ್ಡಾಯ ಯಾಕೆ?" ಎಂದಳು.

"ಏನೇ ಇದು, ಹೆಣ್ಣು ನೋಡಿ ಒಪ್ಪಿದ ಮೇಲೆ ಗಂಡಿನ ಕಡೆಯೋರು ಎದ್ದು ಹೋದ ಹಂಗೆ! ನಿನ್ ಅರ್ಜಿ ನನ್ ಮೇಜಿನ ಮೇಲಿದೆ. ಆರು ಪುಟ. 'ಪ್ರತಿಯೊಬ್ಬ ಹುಡುಗಿಯೂ ಈ ಪುಸ್ತಕ ಓದಲೇಬೇಕು' ಅಂತ ನೀನೇ ಬರ್ದಿದ್ದೀಯ. ನಾನು ಒಪ್ಪಿದೆ." ಕಟುಸಾಬೆ ಹುಡುಗಿಯರತ್ತ ತಿರುಗಿದರು. "ಸೀನಿಯರ್ ಒಂದರಿಂದ ನಾಲ್ಕನೇ ತರಗತಿ ತನಕ ಎಲ್ಲರಿಗೂ ಇದೇ. ಈ ಟರ್ಮಿನ ಪರೀಕ್ಷೆಗೆ ಪ್ರಶ್ನೆ ಈಗ್ಲೇ ಹೇಳಿರ್ತೀನಿ, ಬರ್ಕೊಳ್ಳಿ. ಕೊನೆಯ ಅಧ್ಯಾಯದ ನೀತಿ ಏನು? ಇಪ್ಪತ್ತು ಅಂಕ."

ಹೋಗುವಾಗ ಕಬಸೋಮಿಯ ಬೆನ್ನು ತಟ್ಟಿಯೇ ಹೋದರು. ಅಂಗಳ ದಾಟುವ ಅವರ ಚಪ್ಪಲಿಯ ಸದ್ದು ಮರೆಯಾಯಿತು.

"ಮೇಡಂ," ಎಂದಳು ತುಸೀಮೆ, "ನಲ್ಲಿ ಹತ್ರ ಹೇಳೋದನ್ನ ಬರೆದ್ರೆ ಎಷ್ಟು ಅಂಕ?"

ಇಪ್ಪತ್ತಕ್ಕೆ ಇಪ್ಪತ್ತು ಎನ್ನಬೇಕೆಂದು ಕಬಸೋಮಿಯ ನಾಲಗೆಯ ತುದಿಗೆ ಬಂದಿತ್ತು. ಆದರೆ ಉತ್ತರ ಪತ್ರಿಕೆಗಳನ್ನು ಹೆಡ್‌ಮಿಸ್ ಒಂದೊಂದಾಗಿ ತಿರುವಿ ನೋಡುತ್ತಾರೆ. ಹುಡುಗಿಯರು ಸುಮ್ಮನೆ ಅಂಕ ಕಳೆದುಕೊಳ್ಳಬಾರದು.

"ಸೊನ್ನೆ" ಎಂದಳು.

ಹುಡುಗಿಯರು ತಕರಾರು ಮಾಡಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಇಷ್ಟು ದಿನ ಆ ಹರಕು ಪುಸ್ತಕಕ್ಕೆ ಸರದಿ ನಿಂತು ಜಡೆ ಹಿಡಿದು ಜಗಳವಾಡುತ್ತಿದ್ದವರು, ನೋಟ್‌ಬುಕ್ ತೆಗೆದು, ಮೇಲೆ 'ನೀತಿ' ಎಂದು ಬರೆದು, ಎರಡು ಚುಕ್ಕೆಯಿಟ್ಟು, ಹೇಳಿಸಿಕೊಂಡು ಬರೆಯಲು ಪೆನ್ನು ಹಿಡಿದು ಕಾದರು. ತುಸೀಮೆ ಮಾತ್ರ ಹೊಸ ಪುಸ್ತಕವನ್ನು ಮುಚ್ಚಿ ಮೇಜಿನ ಅಂಚಿಗೆ ತಳ್ಳಿ, ದನಿ ತಗ್ಗಿಸಿ ಕೇಳಿದಳು:

"ಲೈಬ್ರರೀಲಿ ಕೊನೆ ಕಿತ್ತುಹೋಗಿರೋದು ಬೇರೆ ಯಾವುದಾದ್ರೂ ಇದ್ಯಾ, ಮೇಡಂ?"