ಊರೆಲ್ಲ ನೋಡಿದ ಚಿತ್ರ

ಅಮೂರ್ತ ಚಿತ್ರವೆಂದರೆ ಡ್ರಾಯಿಂಗ್ ಮೇಷ್ಟರಿಗೆ ಮೈಯೆಲ್ಲ ಉರಿ. "ಗೆರೆ ಎಳೆಯೋಕೆ ಬಾರದವರ ಕಸರತ್ತು" ಎಂದು ಮೂಗು ಮುರಿಯುತ್ತಲೇ ಅವರು ನಿವೃತ್ತರಾದರು. ಆಮೇಲೆ ಕಣ್ಣಿಗೆ ಪೊರೆ ಬಂತು. ಮರ, ಮನೆ, ಮನುಷ್ಯರ ಗೆರೆಗಳೆಲ್ಲ ಕರಗಿ ಬರೀ ಬಣ್ಣ ಉಳಿದಾಗ ಮೇಷ್ಟರು ಬೆರಗಾದರು. ಆಪರೇಷನ್ ಆಗಿ ಗೆರೆಗಳು ಮರಳಿದರೂ ಆ ಬೆರಗು ಹೋಗಲಿಲ್ಲ. ಆಕಾರದ ಹಂಗೇ ಬೇಡವೆಂದು ಕೆಂಪು, ಕಪ್ಪು, ಹಳದಿ ಸುರಿದು ದೊಡ್ಡದೊಂದು ಚಿತ್ರ ಬರೆದರು.

ನೋಡಿದವರೆಲ್ಲ "ಇದೇನಿದು?" ಅಂದವರೇ. ಮನೆ ಕಟ್ಟಿಸುತ್ತಿದ್ದ ಭಾವಮೈದುನ ಮಾತ್ರ ನೋಡಿದವನೇ ಹಿಗ್ಗಿಹೋದ.

"ಭಾವಾ, ಇಂಥದ್ದೇ ಹುಡುಕ್ತಿದ್ದೆ! ಹೊಸ ಮನೆಗೆ ಕೊಟ್ಬಿಡಿ."

ಮೇಷ್ಟರ ಕಣ್ಣು ತುಂಬಿತು.

ವಾರ ಕಳೆದು ಚಿತ್ರ ನೋಡಲು ಹೋದರು. ದಾರಿಯಲ್ಲಿದ್ದ ಜಲ್ಲಿಕಲ್ಲು ಎಡವದಂತೆ ನೆಲ ನೋಡಿಕೊಂಡೇ ಒಳಗೆ ಹೊಕ್ಕರು. ಹಾಲ್‌ನ ಗೋಡೆ ಖಾಲಿ.

"ಎಲ್ಲಪ್ಪಾ ಚಿತ್ರ?"

"ಒಳಗೆ ಹಾಕಿದ್ರೆ ಯಾರು ನೋಡ್ತಾರೆ ಭಾವಾ? ದಾರೀಲಿ ಹೋಗೋರ ಕಣ್ಣೆಲ್ಲ ಮೊದ್ಲು ಅದ್ರ ಮೇಲೇ ಬೀಳ್ಲಿ ಅಂತ ಹೊರಗೇ ಹಾಕ್ಸಿದೀನಿ. ಬಸ್ಸಲ್ಲಿ ಹೋಗೋರೂ ಬಗ್ಗಿ ಬಗ್ಗಿ ನೋಡ್ತಾರೆ."

"ನೋಡಿ ಏನಂತಾರೆ?"

"ಮಾತೇ ಹೊರಡಲ್ಲ. ಬಾಯಿ ಬಿಟ್ಕೊಂಡು ನಿಂತ್ಬಿಡ್ತಾರೆ."

ಕಲೆ ತಿಳಿದವನು ಮನೆಯಲ್ಲೇ ಇದ್ದನಲ್ಲ ಎಂದುಕೊಂಡ ಮೇಷ್ಟರು, ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು ರಸ್ತೆಗಿಳಿದು ತಲೆಯೆತ್ತಿದರು.

ಮೇಲಂತಸ್ತಿನ ಸಾರುವೆ ಕಂಬದಲ್ಲಿ ಅವರ ಚಿತ್ರ ಗಾಳಿಗೆ ತೂಗಾಡುತ್ತಿತ್ತು. ಅದರ ಒಂದು ಪಕ್ಕಕ್ಕೆ ದೃಷ್ಟಿ ತಾಗದಿರಲೆಂದು ಕಟ್ಟಿದ್ದ ಬೂದುಗುಂಬಳ, ಇನ್ನೊಂದು ಪಕ್ಕಕ್ಕೆ ಹಳೇ ಚಪ್ಪಲಿ.